ಕಂಠೀರವ ಯಾರದ್ದು? ಫುಟ್‌ಬಾಲಿನದ್ದಾ, ಓಟದವರದ್ದಾ, ಇಲ್ಲಾ ಊರಿನದ್ದಾ?

ಮಳೆಯಲ್ಲಿ ಮ್ಯಾಚ್
ಎಲ್ಲರಿಗೂ ನಮಸ್ಕಾರ. ಕೊಚ್ಚಿಯಲ್ಲಿ ಕೆಲಸ ಮಾಡುವ ನಮ್ಮ ಭಾವ ಬೆಂಗಳೂರಿಗೆ ಬಂದಿದ್ದರು. ಫುಟ್‌ಬಾಲ್ ಅಂದರೆ ಪ್ರಾಣ. ಅದಕ್ಕೆ ಕಂಠೀರವ ಸ್ಟೇಡಿಯಂಗೆ ಕರೆದುಕೊಂಡು ಹೋದೆ. ಗೋಲ್ ಹಿಂದಿನ ಗ್ಯಾಲರಿಯಲ್ಲಿ ಸೀಟು ಸಿಕ್ಕಿತು. ಕೂತು ಐದು ನಿಮಿಷ ಆಗಿಲ್ಲ, "ಏನಯ್ಯಾ ಇದು, ಆ ಕಡೆ ಗೋಲ್ ಆದರೆ ಇಲ್ಲಿಗೆ ಸುದ್ದಿ ಪೋಸ್ಟ್‌ನಲ್ಲಿ ಬರುತ್ತದಾ?" ಅಂದರು. ನನಗೆ ಸಿಟ್ಟು ಬಂತು. ಆದರೆ ಉತ್ತರ ಕೊಡಲು ಆಗಲಿಲ್ಲ, ಯಾಕೆಂದರೆ ಆ ತುದಿಯಲ್ಲಿ ಕಾರ್ನರ್ ಹೊಡೆಯುತ್ತಿದ್ದವನು ಯಾರು ಅಂತ ನನಗೂ ಕಾಣುತ್ತಿರಲಿಲ್ಲ.

ಇಂಟರ್‌ವಲ್‌ನಲ್ಲಿ ಇನ್ನೊಂದು ಬಾಣ ಬಿಟ್ಟರು. "ಇದು ಓಟದ ಸ್ಟೇಡಿಯಂ. ನಿಮಗೆ ಬಾಡಿಗೆಗೆ ಕೊಟ್ಟಿದ್ದಾರೆ ಅಷ್ಟೇ." ಇದು ನಿಜವಾ? ಇದರ ಹಿಂದಿನ ಕಥೆ ಗೊತ್ತಿರುವವರು ಹೇಳಿ. ಮುಂದಿನ ಸಲ ಭಾವ ಬರುವಷ್ಟರಲ್ಲಿ ತಯಾರಾಗಬೇಕು.

ವೆಸ್ಟ್ ಬ್ಲಾಕ್ ಗಂಟಲು
ನಿಮ್ಮ ಭಾವನಿಗೆ ಮೊದಲು ಇದನ್ನು ಕೇಳಿ: ಅವರ ಕೊಚ್ಚಿಯ ಕಲೂರು ಸ್ಟೇಡಿಯಂನಲ್ಲಿ ಕ್ರಿಕೆಟ್ ಆಡಿಲ್ಲವಾ? 1998ರಲ್ಲೇ ಭಾರತ–ಆಸ್ಟ್ರೇಲಿಯಾ ಒಂದು ದಿನದ ಪಂದ್ಯ ಅಲ್ಲಿ ನಡೆದಿದೆ. ಅಲ್ಲೂ ಸೀಟಿನಿಂದ ಹುಲ್ಲಿಗೆ ಏನು ಕಮ್ಮಿ ದೂರ ಇಲ್ಲ. ಜನ ಜಾಸ್ತಿ, ಗದ್ದಲ ಜಾಸ್ತಿ, ಅದಕ್ಕೆ ಹತ್ತಿರ ಅನ್ನಿಸುತ್ತದೆ.

ಆದರೆ ದೂರದ ವಿಷಯ ಸುಳ್ಳಲ್ಲ. ಒಮ್ಮೆ ಸುಮ್ನೆ ಲೆಕ್ಕ ಹಾಕಿದ್ದೆ. ಮಾಮೂಲಿ 400 ಮೀಟರ್ ಟ್ರ್ಯಾಕ್‌ನಲ್ಲಿ ನೇರ ಭಾಗ ಸುಮಾರು 84 ಮೀಟರ್. ಫುಟ್‌ಬಾಲ್ ಅಂಗಳ 105 ಮೀಟರ್. ಅಂದರೆ ಎರಡೂ ತುದಿಯಲ್ಲಿ ತಲಾ ಹತ್ತು ಮೀಟರ್ ತಿರುವಿನ ಒಳಗೆ ನುಗ್ಗುತ್ತದೆ. ತಿರುವಿನ ತ್ರಿಜ್ಯ 36.5 ಮೀಟರ್. ಅದರಲ್ಲಿ ಹತ್ತು ಕಳೆದರೆ ಗೋಲ್ ಗೆರೆಯಿಂದ ಟ್ರ್ಯಾಕ್‌ಗೆ ಇನ್ನೂ 26 ಮೀಟರ್ ಇದೆ. ಅದರಾಚೆ ಎಂಟು ಲೇನ್, ಇನ್ನೊಂದು ಹತ್ತು ಮೀಟರ್. ಗೋಲ್ ಹಿಂದೆ ಮೊದಲ ಸಾಲಿನಲ್ಲಿ ಕೂತವನಿಗೂ ಹತ್ತಿರದ ಗೋಲ್ 36 ಮೀಟರ್ ದೂರ. ದೂರದ ಗೋಲ್ 140! ಪಕ್ಕದ ಗ್ಯಾಲರಿಯಲ್ಲಿ ಇಷ್ಟು ಕಷ್ಟ ಇಲ್ಲ. ಹಾಗಾಗಿ ಇನ್ನು ಮೇಲೆ ಭಾವನನ್ನು ಪಶ್ಚಿಮದ ಕಡೆ ಕೂರಿಸಿ, ಬೆಂಗಳೂರು ಎಫ್‌ಸಿ ಅಭಿಮಾನಿಗಳಾದ ನಮ್ಮ ಜೊತೆ. ಆಗ ಕಾಣುವುದಿಲ್ಲ ಅನ್ನಲು ಅವರಿಗೆ ಪುರುಸೊತ್ತು ಸಿಗಬೇಕಲ್ಲ.

ಎಂಟನೇ ಲೇನ್
"ಓಟದವರ ಸ್ಟೇಡಿಯಂ" ಅಂದ ನಿಮ್ಮ ಭಾವನಿಗೆ ನನ್ನ ಕಡೆಯಿಂದ ಒಂದು ಮಸಾಲೆ ದೋಸೆ.

ನಾನು ಕಾಲೇಜು ದಿನಗಳಲ್ಲಿ ಅಲ್ಲೇ 400 ಮೀಟರ್ ಓಡಿದವಳು. ಈಗ ಮಗಳು ಓಡುತ್ತಾಳೆ. ಈಗ ಕಾಣುವ ಈ ದೊಡ್ಡ ಕಟ್ಟಡ ಎದ್ದಿದ್ದೇ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ. ಟ್ರ್ಯಾಕ್ ಮೊದಲು ಬಂದದ್ದು, ಕ್ಲಬ್ ಆಮೇಲೆ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ಹಂಗಾಮು ಅವರು ಆಡಿದ್ದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಕಂಠೀರವಕ್ಕೆ ಬಂದದ್ದು ಅದರ ಮುಂದಿನ ಹಂಗಾಮಿಗೆ.

ಆಮೇಲೆ ಶುರುವಾಯಿತು ನೋಡಿ. ಮ್ಯಾಚ್ ಇದೆ, ಇವತ್ತು ಒಳಗೆ ಬಿಡುವುದಿಲ್ಲ. ನಾಳೆ ಮ್ಯಾಚ್ ಇದೆ, ಇವತ್ತು ಜಾಹೀರಾತು ಬೋರ್ಡ್ ನಿಲ್ಲಿಸುತ್ತಿದ್ದಾರೆ. ನಿನ್ನೆ ಮ್ಯಾಚ್ ಇತ್ತು, ಇವತ್ತು ಬೋರ್ಡ್ ತೆಗೆಯುತ್ತಿದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದು ಯಲಹಂಕದಿಂದ ಬಸ್ಸಲ್ಲಿ ಬರುವ ಹುಡುಗಿಗೆ ಇದನ್ನು ಹೇಗೆ ಹೇಳುತ್ತೀರಿ? ಈ ಜಗಳ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತ್ತು. ಫುಟ್‌ಬಾಲ್ ಮೇಲೆ ನನಗೆ ದ್ವೇಷ ಇಲ್ಲ. ಆದರೆ ಊರಿನ ನಡುವೆ, ಯಾವ ಕಡೆಯಿಂದಲಾದರೂ ಬಂದು ಓಡಬಹುದಾದ ಜಾಗ ನಮಗೆ ಅದೊಂದೇ.

ವೆಸ್ಟ್ ಬ್ಲಾಕ್ ಗಂಟಲು
ಮೇಡಂ, ನಿಮ್ಮ ನೋವು ಅರ್ಥ ಆಗುತ್ತದೆ. ನಮ್ಮದನ್ನೂ ಸ್ವಲ್ಪ ಕೇಳಿ. ಹ್ಯಾಮರ್ ಎಸೆದರೆ 7.26 ಕೆಜಿ ಕಬ್ಬಿಣದ ಗುಂಡು ಬಂದು ಹುಲ್ಲಲ್ಲಿ ಕೂರುತ್ತದೆ. ಆ ಗುಂಡಿಯಲ್ಲಿ ಸಂಜೆ ಒಬ್ಬ ಹುಡುಗ ಕಾಲು ಇಟ್ಟರೆ ಅವನ ಮೊಣಕಾಲು ಹೋಯಿತು. ಜಾವೆಲಿನ್ ಆದರೂ ಪರವಾಗಿಲ್ಲ, ಸಣ್ಣ ತೂತು. ಹ್ಯಾಮರ್ ಅಂದರೆ ಮೈದಾನ ನೋಡಿಕೊಳ್ಳುವವರಿಗೆ ಜ್ವರ ಬರುತ್ತದೆ.

ಎಂಟನೇ ಲೇನ್
ಸರಿ, ನಿಮ್ಮ ಹುಲ್ಲಿಗೆ ಹ್ಯಾಮರ್ ಶತ್ರು. ನಮ್ಮ ಟ್ರ್ಯಾಕ್‌ಗೆ ಯಾರು ಶತ್ರು ಗೊತ್ತಾ? ಕುರ್ಚಿ. ಯಾವುದೋ ಕಾರ್ಯಕ್ರಮಕ್ಕೆ ಪೆಂಡಾಲ್ ಹಾಕುತ್ತಾರೆ, ಸಾವಿರಾರು ಕುರ್ಚಿ ಎಳೆಯುತ್ತಾರೆ, ಸಾಮಾನು ತುಂಬಿದ ಗಾಡಿ ಸಿಂಥೆಟಿಕ್ ಮೇಲೇ ಬರುತ್ತದೆ. ಒಮ್ಮೆ ಅಂಥದ್ದೊಂದು ಕಾರ್ಯಕ್ರಮ ಮುಗಿದ ಮೇಲೆ ಮೂರನೇ ಲೇನ್‌ನಲ್ಲಿ ನನಗೆ ಎರಡು ಮೊಳೆ ಸಿಕ್ಕಿತ್ತು. ಶೂ ಹಾಕಿದ್ದೆ, ಬಚಾವಾದೆ. ಈ ವಿಷಯದಲ್ಲಿ ನೀವೂ ನಾವೂ ಒಂದೇ ಕಡೆ, ಅಲ್ವಾ?

ವೆಸ್ಟ್ ಬ್ಲಾಕ್ ಗಂಟಲು
ನೂರಕ್ಕೆ ನೂರು. 2023 ಒಂದೇ ವರ್ಷ ತೆಗೆದುಕೊಳ್ಳಿ. ಮಾರ್ಚ್ 3ಕ್ಕೆ ಕೊಚ್ಚಿಯ ತಂಡ ಕೇರಳ ಬ್ಲಾಸ್ಟರ್ಸ್ ಜೊತೆ ನಾಕೌಟ್ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಅವರ ಆಟಗಾರರು ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟುವ ಮೊದಲೇ ನಮ್ಮ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲ್ ಮಾಡಿದರು. ಅವರ ಕೋಚ್ ತಂಡವನ್ನೇ ಮೈದಾನದಿಂದ ಕರೆದುಕೊಂಡು ಹೋದರು. (ಭಾವನಿಗೆ ಇದನ್ನು ಮರೆಯದೆ ನೆನಪಿಸಿ. ನಾಲ್ಕು ಕೋಟಿ ದಂಡ ಬಿದ್ದಿದ್ದನ್ನೂ ಸೇರಿಸಿ.) ಮೇ 20ಕ್ಕೆ ಅದೇ ಅಂಗಳದಲ್ಲಿ ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಜೂನ್ 21ಕ್ಕೆ ಅದೇ ಅಂಗಳದಲ್ಲಿ ಭಾರತ–ಪಾಕಿಸ್ತಾನ, ದಕ್ಷಿಣ ಏಷ್ಯಾದ ಸ್ಯಾಫ್ ಕಪ್. ಒಂದೇ ಒಂದು ತಿಂಗಳ ಅಂತರ! ಆ ಹುಲ್ಲಿಗೆ ಬಾಯಿ ಇದ್ದಿದ್ದರೆ ರಾಜೀನಾಮೆ ಕೊಡುತ್ತಿತ್ತು.

ಮಳೆಯಲ್ಲಿ ಮ್ಯಾಚ್
ಆ ಪಾಕಿಸ್ತಾನ ಮ್ಯಾಚ್‌ಗೆ ನಾನು ಹೋಗಿದ್ದೆ! ನನ್ನ ಹೆಸರು ಬಂದಿದ್ದೇ ಅಲ್ಲಿಂದ. ಮಳೆಯಲ್ಲಿ ನೆನೆದು ತೊಪ್ಪೆ. ಛೆಟ್ರಿ ಮೂರು, ಕೊನೆಗೆ ಉದಾಂತ ಒಂದು, 4–0. ನಡುವೆ ನಮ್ಮ ಕೋಚ್ ಸ್ಟಿಮಾಚ್ ಥ್ರೋ ಇನ್‌ಗೆ ಹೊರಟಿದ್ದ ಪಾಕಿಸ್ತಾನದ ಆಟಗಾರನ ಕೈಯಿಂದ ಚೆಂಡು ಕಸಿದು ಕೆಂಪು ಕಾರ್ಡ್ ತಿಂದರು. ನಾನು ಅದನ್ನು ನೋಡಲಿಲ್ಲ. ಪಕ್ಕದವರ ಕೊಡೆ ಅಡ್ಡ ಇತ್ತು.

ವೆಸ್ಟ್ ಬ್ಲಾಕ್ ಗಂಟಲು
ಫೈನಲ್ ಅಂತೂ ಬೇರೆಯೇ. ಜುಲೈ 4, ಕುವೈತ್. ಅವರು ಮೊದಲು ಹೊಡೆದರು, ಛಾಂಗ್ಟೆ ಸಮ ಮಾಡಿದರು. ಪೆನಾಲ್ಟಿಗೆ ಹೋಯಿತು. ಕೊನೆಯ ಕಿಕ್ ಗುರುಪ್ರೀತ್ ತಡೆದಾಗ ನನ್ನ ಪಕ್ಕದ ಅಪರಿಚಿತ ಅಂಕಲ್ ನನ್ನನ್ನು ಎತ್ತಿಯೇಬಿಟ್ಟರು. ನಾನು 84 ಕೆಜಿ. ಅವರ ಹೆಸರು ಇವತ್ತಿಗೂ ಗೊತ್ತಿಲ್ಲ. 5–4.

ನನ್ನ ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಇರುವುದು 2016ರ ಅಕ್ಟೋಬರ್ 19. ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್, ಮಲೇಷ್ಯಾದ ಜೊಹೊರ್. ಹಿಂದಿನ ವರ್ಷದ ಚಾಂಪಿಯನ್ನರು. ಅಲ್ಲಿ 1–1 ಆಗಿತ್ತು. ಇಲ್ಲಿ ಮೊದಲ ಗೋಲ್ ಅವರದ್ದೇ. ಆಮೇಲೆ ಛೆಟ್ರಿ ಎರಡು, ಹುವಾನನ್ ತಲೆಯಿಂದ ಒಂದು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಆ ಕಪ್‌ನ ಫೈನಲ್ ಮುಟ್ಟಿರಲಿಲ್ಲ. ಎರಡನೇ ಗೋಲ್ ಆದಾಗ ಟ್ರ್ಯಾಕ್ ಇದೆಯೋ ಇಲ್ಲವೋ, ಗೋಲ್ 36 ಮೀಟರ್ ದೂರವೋ 140 ಮೀಟರ್ ದೂರವೋ, ಯಾರಿಗೂ ಬೇಕಾಗಿರಲಿಲ್ಲ.

ಅತ್ತಿದ್ದೂ ಇಲ್ಲೇ. 2015ರ ಮೇ 31, ಕಲ್ಕತ್ತಾದ ಮೋಹನ್ ಬಗಾನ್. ನಾವು ಗೆದ್ದರೆ ಲೀಗ್ ನಮ್ಮದು, ಡ್ರಾ ಆದರೆ ಅವರದ್ದು. ಜಾನ್ಸನ್ ಗೋಲಿನಿಂದ ಮುಂದಿದ್ದೆವು. ಮುಗಿಯಲು ಮೂರು ನಿಮಿಷ ಇರುವಾಗ ಅವರ ಬೆಲೋ ಚೆಂಡಿಗೆ ತಲೆ ಕೊಟ್ಟ. 1–1. ನಮ್ಮ ಮನೆಯಂಗಳದಲ್ಲಿ ಅವರು ಕಪ್ ಎತ್ತಿದರು. 2018ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಚೆನ್ನೈನವರೂ ಇಲ್ಲೇ ಬಂದು 3–2ರಿಂದ ಬಾಚಿಕೊಂಡು ಹೋದರು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಆಸ್ಟಿನ್ ಟೌನ್ ಅಜ್ಜ
ಮಕ್ಕಳೇ, ಬೆಂಗಳೂರಿನ ಫುಟ್‌ಬಾಲ್ 2013ರಲ್ಲಿ ಹುಟ್ಟಿದ ಹಾಗೆ ಮಾತಾಡುತ್ತಿದ್ದೀರಲ್ಲ, ಓದುತ್ತಾ ನಗು ಬಂತು.

1937, 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ತಂದಿತ್ತು. ಅದು ನಮ್ಮ ಅಪ್ಪನ ಕಾಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ನಾವು 2–1ರಿಂದ ಸೋತೆವು. ಆ ಒಂದು ಗೋಲ್ ಹೊಡೆದವರು ನಮ್ಮ ಬೆಂಗಳೂರಿನ ರಾಮನ್. ಮೈಸೂರು ರಾಜ್ಯದ ತಂಡ ನಾಲ್ಕು ಸಲ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿದೆ: 46ರಲ್ಲಿ, 52ರಲ್ಲಿ, 67–68ರಲ್ಲಿ, ಮತ್ತೆ 68–69ರಲ್ಲಿ. ಕೊನೆಯದು ಬೆಂಗಳೂರಿನಲ್ಲೇ ನಡೆದದ್ದು, ನಾನು ಆಗ ಹುಡುಗ. ಗೆದ್ದ ರಾತ್ರಿ ನಮ್ಮ ಬೀದಿಯಲ್ಲಿ ಯಾರೂ ಮಲಗಲಿಲ್ಲ. ಆಮೇಲೆ ಐದನೆಯದಕ್ಕೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ಕ್ಕೆ ರಿಯಾದ್‌ನಲ್ಲಿ ನಮ್ಮ ಕರ್ನಾಟಕದವರು ಮೇಘಾಲಯವನ್ನು 3–2ರಿಂದ ಸೋಲಿಸಿದರು. ಅಂದರೆ ನೀವೆಲ್ಲ ಬ್ಲಾಸ್ಟರ್ಸ್ ಎದ್ದು ಹೋದದ್ದರ ಬಗ್ಗೆ ಗಲಾಟೆ ಮಾಡುತ್ತಿದ್ದ ಮಾರನೇ ದಿನವೇ. ಎಷ್ಟು ಜನ ಗಮನಿಸಿದಿರಿ?

ನಮ್ಮ ಕಾಲದಲ್ಲಿ ತಂಡ ಅಂದರೆ ಕಾರ್ಖಾನೆ ತಂಡ. ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇ. ಚೆನ್ನಾಗಿ ಆಡಿದರೆ ಕೆಲಸ ಸಿಗುತ್ತಿತ್ತು. ಅದಕ್ಕೇ ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಹುಡುಗರು ಬರಿಗಾಲಲ್ಲಿ ಸಾಯುವ ತನಕ ಆಡುತ್ತಿದ್ದರು. ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ, ಹೋಗಿ ನೋಡಿ. ಇನ್ನೂ ಚೆನ್ನಾಗಿ ಆಡುವವರನ್ನು ಕಲ್ಕತ್ತಾದವರು ಎತ್ತಿಕೊಂಡು ಹೋಗುತ್ತಿದ್ದರು. ಅರುಮೈನಾಯಗಂ, ಕಣ್ಣನ್, ಉಲಗನಾಥನ್, ಎಲ್ಲ ಹಾಗೆ ಹೋದವರೇ.

ಕಂಠೀರವ ನಮಗೆ ಯಾವತ್ತೂ "ಆ ಕಡೆಯದ್ದು". ನಮ್ಮ ಮನೆ ಅಂದರೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ. ಅಲ್ಲಿ ಟ್ರ್ಯಾಕ್ ಇಲ್ಲ, ಭಾಷಣ ಇಲ್ಲ. ಆಟಗಾರ ಬೈದರೆ ಕೇಳಿಸುತ್ತಿತ್ತು. ನಾವು ಬೈದರೆ ಅವನಿಗೂ ಕೇಳಿಸುತ್ತಿತ್ತು. ಈಗ ಕೃತಕ ಹುಲ್ಲು ಹಾಕಿದ್ದಾರೆ.

ಎಂಟನೇ ಲೇನ್
ಅಜ್ಜ, ಸಂತೋಷ್ ಟ್ರೋಫಿ ವಿಷಯ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಮರುದಿನವೇ ಅಂದರೆ!

ಆಸ್ಟಿನ್ ಟೌನ್ ಅಜ್ಜ
ಪತ್ರಿಕೆಯಲ್ಲಿ ಬಂದಿತ್ತಮ್ಮ. ಕೆಳಗಡೆ.

ಕೆರೆ ದಾಸ
ಯಾರು ಮೊದಲು ಬಂದವರು ಅನ್ನುವುದೇ ಜಗಳವಾದರೆ ನೀವಿಬ್ಬರೂ ಸೋತಿರಿ. ಮೊದಲು ಬಂದದ್ದು ನೀರು.

ಕಂಠೀರವ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಪಕ್ಕದ ಸಂಪಂಗಿರಾಮನಗರದ ಹೆಸರಲ್ಲಿ ಕೆರೆ ಇನ್ನೂ ಉಸಿರಾಡುತ್ತಿದೆ. ಪೇಟೆಗೂ ದಂಡಿಗೂ (ಬ್ರಿಟಿಷರ ಕಂಟೋನ್ಮೆಂಟಿಗೂ) ನಡುವೆ ಇದ್ದ ಕೆರೆ ಇದು. ದಂಡಿನವರಿಗೆ ಕುಡಿಯುವ ನೀರು ಬೇಕಿತ್ತು, ತಿಗಳರಿಗೆ ತೋಟಕ್ಕೆ ನೀರು ಬೇಕಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಕುಡಿಯುವ ನೀರಿಗೆ ಕೆರೆ ಬೇಡವಾಯಿತು. ಬೇಡವಾದ ಕೆರೆ ಏನಾಗುತ್ತದೆ ಅಂತ ಬೆಂಗಳೂರಿನವರಿಗೆ ಹೇಳಿಕೊಡಬೇಕಾ? ಒಣಗಿತು, ಮೈದಾನವಾಯಿತು, 1940ರ ದಶಕದಲ್ಲಿ ಸ್ಟೇಡಿಯಂ ಬಂತು. ಮೇಡಂ ಹೇಳಿದ 1997 ಎರಡನೇ ಜನ್ಮ.

ಅಜ್ಜ, ನಿಮ್ಮ ಅಶೋಕನಗರದ ಅಂಗಳವೂ ಅಷ್ಟೇ. ಅದು ಶೂಲೆ ಕೆರೆ. ಹಾಕಿ ಸ್ಟೇಡಿಯಂ ಅಕ್ಕಿತಿಮ್ಮನಹಳ್ಳಿ ಕೆರೆ. ಈ ಊರಲ್ಲಿ ಚೆಂಡು ಉರುಳುವ ಕಡೆಯೆಲ್ಲ ಒಂದು ಕಾಲಕ್ಕೆ ಮೀನು ಇತ್ತು.

ಸಂಪಂಗಿ ಕೆರೆ ಪೂರ್ತಿ ಹೋಗಿಲ್ಲ. ಸ್ಟೇಡಿಯಂ ಆವರಣದಲ್ಲಿ ಒಂದು ಸಣ್ಣ ಕುಂಟೆ ಉಳಿಸಿದ್ದಾರೆ, ತಿಗಳರು ನಡೆಸುವ ಕರಗಕ್ಕಾಗಿ. ಕರಗದ ದಿನಗಳಲ್ಲಿ ಇವತ್ತಿಗೂ ಅಲ್ಲಿ ಪೂಜೆ ನಡೆಯುತ್ತದೆ. ಕೆರೆ ಹೋದರೂ ತಿಗಳರು ದಾರಿ ಬಿಟ್ಟಿಲ್ಲ. ಹಾಗಾಗಿ ಈ ಜಾಗದ ಹಳೇ ಬಾಡಿಗೆದಾರರು ಯಾರು ಅಂತ ಕೇಳಿದರೆ ನನ್ನ ಉತ್ತರ ಅವರೇ.

ಮಳೆಯಲ್ಲಿ ಮ್ಯಾಚ್
ಹತ್ತು ವರ್ಷದಿಂದ ಮ್ಯಾಚ್ ನೋಡುತ್ತಿದ್ದೇನೆ, ಕುಂಟೆ ಇದೆ ಅಂತ ಇವತ್ತೇ ಗೊತ್ತಾಗಿದ್ದು. ಗೇಟಿನಿಂದ ಸೀಟಿಗೆ, ಸೀಟಿನಿಂದ ಗೇಟಿಗೆ. ಅಷ್ಟೇ ನಮ್ಮ ಭೂಗೋಳ.

ಹುಬ್ಬಳ್ಳಿ ಹುರುಪು
ಒಂದು ಡೌಟ್ ರೀ. ಅಪ್ಪು ಸರ್ ಸಮಾಧಿ ಇರುವುದು ಈ ಕಂಠೀರವದಲ್ಲೇನು? ನಾವು ಊರಿಂದ ಬಂದಾಗ ಆಟೋದವನು ಎಲ್ಲೋ ಕರೆದುಕೊಂಡು ಹೋಗಿದ್ದ, ಇದರ ಹತ್ತಿರ ಅಲ್ಲವೇ ಅಲ್ಲ.

ಎಂಟನೇ ಲೇನ್
ಅದು ಕಂಠೀರವ ಸ್ಟುಡಿಯೋ, ನಂದಿನಿ ಲೇಔಟ್ ಕಡೆ. ಇದು ಸ್ಟೇಡಿಯಂ, ಕಬ್ಬನ್ ಪಾರ್ಕ್ ಪಕ್ಕ. ಎಲ್ಲರಿಗೂ ಈ ಗೊಂದಲ ಆಗುತ್ತದೆ. ಆದರೆ ಸುಮ್ನೆ ಆಗುವುದಲ್ಲ. 2006ರಲ್ಲಿ ಅಣ್ಣಾವ್ರು ಹೋದಾಗ, 2018ರಲ್ಲಿ ಅಂಬರೀಶ್ ಹೋದಾಗ, 2021ರ ಅಕ್ಟೋಬರ್‌ನಲ್ಲಿ ಪುನೀತ್ ಹೋದಾಗ, ಜನ ಕೊನೆಯ ಸಲ ನೋಡಲಿ ಅಂತ ಇಟ್ಟಿದ್ದು ಈ ಸ್ಟೇಡಿಯಂನಲ್ಲೇ. ಅಲ್ಲಿಂದ ಸ್ಟುಡಿಯೋಗೆ. ಒಂದು ಕಂಠೀರವದಿಂದ ಇನ್ನೊಂದು ಕಂಠೀರವಕ್ಕೆ.

ಪುನೀತ್ ಸಮಯದಲ್ಲಿ ನಾನೂ ಸಾಲಿನಲ್ಲಿ ನಿಂತಿದ್ದೆ. ರಾತ್ರಿ ಹನ್ನೊಂದೂವರೆ. ಮುಂದೆ ಒಬ್ಬ ಅಜ್ಜಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರು, ಗುಡಿಗೆ ಬಂದವರ ಹಾಗೆ. ಆವತ್ತು ಟ್ರ್ಯಾಕ್ ಮೇಲೆ ಎಷ್ಟು ಕಾಲು ಬಿತ್ತೋ. ನನಗೆ ಅದು ನೆನಪಿಗೇ ಬರಲಿಲ್ಲ.

ವೆಸ್ಟ್ ಬ್ಲಾಕ್ ಗಂಟಲು
ಮೊಳೆ ಸಿಕ್ಕಿದರೂ ಬೈಯುತ್ತಿರಲಿಲ್ಲ ಆವತ್ತು.

ಎಂಟನೇ ಲೇನ್
ಇಲ್ಲ.

ಹುಬ್ಬಳ್ಳಿ ಹುರುಪು
ತಿಳೀತು, ಥ್ಯಾಂಕ್ಸ್ ರೀ ಅಕ್ಕ. ಆದರೆ ಒಂದು ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ನೀವು ಒಂದು ಸ್ಟೇಡಿಯಂಗೆ ಮೂರು ಮಂದಿ ಜಗ್ಗಾಡುತ್ತಿದ್ದೀರಿ. ನಮ್ಮ ಕಡೆ ಹುಡುಗರು ಒಂದು ಒಳ್ಳೇ ಹುಲ್ಲಿನ ಅಂಗಳ ಕಂಡರೆ ಮೊದಲು ಚಪ್ಪಲಿ ಬಿಟ್ಟು ಕೈ ಮುಗಿಯುತ್ತಾರೆ.

ಕರಾವಳಿ ಕಾರ್ನರ್
ಮಂಗಳೂರಿನಿಂದ ನನ್ನದೂ ಸೇರಿಸಿ ಮಾರಾಯ್ರೆ. ನೆಹರೂ ಮೈದಾನದ ಮಣ್ಣಲ್ಲಿ ಮೊಣಕಾಲು ತರಚಿಕೊಂಡು ಆಡಿದವರು ನಾವು. ಒಂದು ದೊಡ್ಡ ಪಂದ್ಯ ನೋಡಬೇಕು ಅಂದರೆ ರಾತ್ರಿ ಬಸ್ಸು ಹತ್ತಿ ಶಿರಾಡಿ ಘಾಟಿಯಲ್ಲಿ ತೂಕಡಿಸಬೇಕು. 2017ರಲ್ಲಿ ಮಕಾವು ಮ್ಯಾಚ್‌ಗೆ ಹಾಗೇ ಬಂದಿದ್ದೆ. 4–1. ಏಷ್ಯನ್ ಕಪ್‌ಗೆ ಭಾರತ ಅರ್ಹತೆ ಪಡೆದ ರಾತ್ರಿ. ಗ್ಯಾಲರಿ ತುಂಬಿರಲಿಲ್ಲ, ನನಗೆ ಅದೇ ಬೇಜಾರು. ನಾನು 350 ಕಿಲೋಮೀಟರ್ ಬಂದೆ, ಜಯನಗರದವರಿಗೆ ಮಳೆ ಅಂತೆ.

ಮಳೆಯಲ್ಲಿ ಮ್ಯಾಚ್
ಆ ಮ್ಯಾಚ್‌ಗೆ ನಾನು ಹೋಗಿರಲಿಲ್ಲ. ನಾನು ಜಯನಗರದವನೇ. ಕ್ಷಮಿಸಿ.

ವೆಸ್ಟ್ ಬ್ಲಾಕ್ ಗಂಟಲು
ಇಲ್ಲಿ ನಾನೊಂದು ಒಪ್ಪಿಕೊಳ್ಳಬೇಕು. "ಫುಟ್‌ಬಾಲ್‌ಗೆ ಮಾತ್ರ ಒಂದು ಸ್ಟೇಡಿಯಂ ಬೇಕು" ಅಂತ ನಾವು ಬ್ಯಾನರ್ ಬರೆಯುತ್ತೇವೆ. ಕಂಠೀರವದಲ್ಲಿ ಇರುವುದು ಸುಮಾರು 24,000 ಸೀಟು. ಬ್ಲಾಸ್ಟರ್ಸ್ ಬಂದರೆ, ಫೈನಲ್ ಆದರೆ ತುಂಬುತ್ತದೆ. ಬುಧವಾರ ರಾತ್ರಿ ಎಂಟಕ್ಕೆ ಪಟ್ಟಿಯ ಕೆಳಗಿನ ತಂಡ ಬಂದರೆ ನಮ್ಮ ಪಶ್ಚಿಮದ ಕಡೆ ಬಿಟ್ಟು ಉಳಿದ ಕಡೆ ಕಾಲು ಚಾಚಿ ಮಲಗಬಹುದು. ಹಾಗಿರುವಾಗ ಓಟದವರನ್ನು ಎಬ್ಬಿಸಿ ನಮಗೆ ಕೊಡಿ ಅನ್ನಲು ನಾಲಿಗೆ ಏಳುವುದಿಲ್ಲ. ನಮಗೆ ನಿಜವಾಗಿ ಬೇಕಿರುವುದು 12–15 ಸಾವಿರ ಸೀಟಿನ, ಟ್ರ್ಯಾಕ್ ಇಲ್ಲದ, ಮೆಟ್ರೋ ಪಕ್ಕದ ಸಣ್ಣ ಅಂಗಳ. ದೊಡ್ಡ ಮ್ಯಾಚ್‌ಗೆ ಕಂಠೀರವ ಇದ್ದೇ ಇರುತ್ತದೆ.

ಎಂಟನೇ ಲೇನ್
ಇದನ್ನು ಹತ್ತು ವರ್ಷದ ಹಿಂದೆ ಹೇಳಿದ್ದರೆ ನಿಮ್ಮ ಬ್ಯಾನರ್‌ಗೆ ನಾನೇ ಬಣ್ಣ ತಂದುಕೊಡುತ್ತಿದ್ದೆ.

ಓಟದವರಿಗೂ ಜನ ಬರುತ್ತಾರೆ ಅಂತ 2025ರ ಜುಲೈ 5ಕ್ಕೆ ಗೊತ್ತಾಯಿತು. ನೀರಜ್ ಚೋಪ್ರಾ ಹೆಸರಿನ ಜಾವೆಲಿನ್ ಕೂಟ. ಮೊದಲು ಪಂಚಕುಲದಲ್ಲಿ ಅಂದುಕೊಂಡಿದ್ದರು, ಅಲ್ಲಿ ಬೆಳಕು ಸಾಲದು ಅಂತ ಇಲ್ಲಿಗೆ ಬಂತು. ನೀರಜ್ 86.18 ಮೀಟರ್ ಎಸೆದು ಗೆದ್ದರು. ನಾನು ಹುಟ್ಟಿದಾಗಿನಿಂದ ಅಥ್ಲೆಟಿಕ್ಸ್‌ಗೆ ಕಂಠೀರವದಲ್ಲಿ ಇಷ್ಟು ಜನ ಚಪ್ಪಾಳೆ ತಟ್ಟಿದ್ದು ಕಂಡಿಲ್ಲ. ಅದಕ್ಕೆ ಮೊದಲು ನಮ್ಮ ಕೂಟ ಅಂದರೆ ಗ್ಯಾಲರಿಯಲ್ಲಿ ಅಪ್ಪ, ಅಮ್ಮ, ತಿಂಡಿ ಡಬ್ಬಿ. ಮಗಳು ಆ ರಾತ್ರಿ ಮನೆಗೆ ಬಂದು ಪೊರಕೆ ಎಸೆದು ನೋಡಿದಳು. ಟ್ಯೂಬ್‌ಲೈಟ್ ಒಡೆಯಿತು.

ಈಗ ಹೇಳಿ ಗಂಟಲು ಸಾಹೇಬರೇ, ಜಾವೆಲಿನ್ ತೂತು ನಿಮ್ಮ ಹುಲ್ಲಿಗೆ ನೋವು ಮಾಡಿತಾ?

ವೆಸ್ಟ್ ಬ್ಲಾಕ್ ಗಂಟಲು
ನೀರಜ್ ಮಾಡಿದ ತೂತಾದರೆ ಸುತ್ತ ಬೇಲಿ ಹಾಕಿ ಇಟ್ಟುಕೊಳ್ಳುತ್ತೇವೆ ಮೇಡಂ.

ಮಳೆಯಲ್ಲಿ ಮ್ಯಾಚ್
ಎಲ್ಲರಿಗೂ ಥ್ಯಾಂಕ್ಸ್. ಭಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಅರ್ಧ ಗಂಟೆ ಕೇಳಿದರು. ಕೊನೆಗೆ "ಸರಿ, ಬಾಡಿಗೆದಾರರು ಅನ್ನುವುದನ್ನು ವಾಪಸ್ ತೆಗೆದುಕೊಂಡೆ. ಆದರೆ ಗೋಲ್ ಕಾಣಲಿಲ್ಲ ಅನ್ನುವುದು ಹಾಗೇ ಇದೆ" ಅಂದರು. ಮುಂದಿನ ಮ್ಯಾಚ್‌ಗೆ ಪಶ್ಚಿಮದ ಕಡೆ ಟಿಕೆಟ್ ತೆಗೆಯುತ್ತಿದ್ದೇನೆ. ಅಜ್ಜ, ನೀವೂ ಬನ್ನಿ. ಆಸ್ಟಿನ್ ಟೌನ್‌ಗೆ ಬಂದು ನಾನೇ ಕರೆದುಕೊಂಡು ಹೋಗುತ್ತೇನೆ.

ಆಸ್ಟಿನ್ ಟೌನ್ ಅಜ್ಜ
ಬರುತ್ತೇನಪ್ಪ. ಆದರೆ ಮಂಡಿ ನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಮೊದಲ ಸಾಲಿನಲ್ಲಿ ತೆಗಿ.

ವೆಸ್ಟ್ ಬ್ಲಾಕ್ ಗಂಟಲು
ಮೊದಲ ಸಾಲು ಬೇಡ ಅಜ್ಜ, ಜಾಹೀರಾತು ಬೋರ್ಡ್ ಅಡ್ಡ ಬರುತ್ತದೆ, ಆಟಗಾರರ ಕಾಲು ಕಾಣುವುದಿಲ್ಲ.

ಆಸ್ಟಿನ್ ಟೌನ್ ಅಜ್ಜ
ಕಾಲು ಕಾಣದ ಫುಟ್‌ಬಾಲಾ? ಹಾಗಾದರೆ ಮೆಟ್ಟಿಲು ಹತ್ತುತ್ತೇನೆ. ಒಂದು ಗಂಟೆ ಮೊದಲೇ ಬಂದು ಕರೆದುಕೊಂಡು ಹೋಗು.

ಕೆರೆ ದಾಸ
ಒಂದೂವರೆ ಗಂಟೆ ಮೊದಲು ಬನ್ನಿ. ದಾರಿಯಲ್ಲಿ ಕುಂಟೆ ತೋರಿಸುತ್ತೇನೆ.